ಟಪಾಲು ಗುಮಾಸ್ತರ ಮುಖಮರ್ದನ

ಸಂದರ್ಶನದ ದಿನ ಬೆಳಿಗ್ಗೆ ಹೆಂಡತಿ ಟಪಾಲು ಗುಮಾಸ್ತರ ಮುಖವನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, "ನಿಮ್ಮ ಮುಖ ನೋಡಿದ್ರೆ ಯಾರಿಗೂ ಬಡ್ತಿ ಕೊಡೋಣ ಅನ್ಸಲ್ಲ ಕಣ್ರೀ, ರಜೆ ಕೊಡೋಣ ಅನ್ಸುತ್ತೆ" ಎಂದಳು.

ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಹದಿನೆಂಟು ವರ್ಷ ಒಂದೇ ಮೇಜಿನ ಮುಂದೆ ಕೂತು ಲಕೋಟೆಗಳ ಮೇಲೆ ಮೊಹರು ಕುಟ್ಟಿದ ಮನುಷ್ಯನ ಮುಖ ತಾನೂ ಒಂದು ಹಳೆಯ ಲಕೋಟೆಯಂತಾಗಿತ್ತು. ಅಂದು ಹನ್ನೊಂದು ಗಂಟೆಗೆ ಸಾಹೇಬರು ಸೂಪರಿಂಟೆಂಡೆಂಟ್ ಹುದ್ದೆಗೆ ಒಬ್ಬರನ್ನು ಆರಿಸುವವರಿದ್ದರು. ಕಣದಲ್ಲಿದ್ದವರು ಇಬ್ಬರೇ: ಇವರು ಮತ್ತು ದಾಖಲೆ ಕೋಣೆಯ ಗುಮಾಸ್ತೆ. ಆ ಹುದ್ದೆಗೆ ಕೈಯಿರುವ ಕುರ್ಚಿಯಿತ್ತು, ಪಕ್ಕದ ಕಟ್ಟಡದಲ್ಲಿ ಪ್ರತ್ಯೇಕ ಕೋಣೆಯಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಮೊಹರು ಕುಟ್ಟುವ ಕೆಲಸವಿರಲಿಲ್ಲ. ಚಳಿ ಬಿದ್ದರೆ ಅವರ ಬಲ ಮಣಿಕಟ್ಟು ಜೀವ ಹಿಂಡುತ್ತಿತ್ತು.

"ಎರಡು ಹನಿ ಎಣ್ಣೆ ಹಾಕ್ಕೊಂಡು ಹತ್ತು ನಿಮಿಷ ಮುಖಕ್ಕೆ ಮಸಾಜ್ ಮಾಡ್ಕೊಳ್ಳಿ. ಗಲ್ಲದಿಂದ ಕಿವಿ ಕಡೆಗೆ, ಹುಬ್ಬಿನಿಂದ ಮೇಲಕ್ಕೆ. ಬೆರಳ ತುದೀಲಿ, ಮೆತ್ತಗೆ. ರಕ್ತ ಓಡಾಡಿ ಚರ್ಮಕ್ಕೆ ಕಳೆ ಬರುತ್ತೆ" ಎಂದು ಹೇಳಿ, ಅವಳು ಪಾಠ ಮಾಡಲು ತನ್ನ ಶಾಲೆಗೆ ಹೊರಟಳು.

ಗುಮಾಸ್ತರು ಬಚ್ಚಲಮನೆ ಸೇರಿ ಚಿಲಕ ಹಾಕಿಕೊಂಡರು. ಎಣ್ಣೆ, ಗಲ್ಲ, ಕಿವಿ, ಹುಬ್ಬು ಎಲ್ಲವೂ ನೆನಪಿದ್ದವು. ‘ಮೆತ್ತಗೆ’ ಎಂಬುದೊಂದು ಮಾತ್ರ ತಲೆಯಿಂದ ಜಾರಿಹೋಗಿತ್ತು. ಹತ್ತು ನಿಮಿಷಕ್ಕೆ ಕಳೆ ಬರುವುದಾದರೆ ನಲವತ್ತು ನಿಮಿಷಕ್ಕೆ ಬಡ್ತಿಯೇ ಬರಬೇಕು ಎಂದುಕೊಂಡು, ಗಟ್ಟಿ ಹಿಟ್ಟು ನಾದುವವರಂತೆ ಮುಖವನ್ನು ನಾದಿದರು.

ಕನ್ನಡಿ ನೋಡಿದಾಗ ಕಳೆ ಬಂದಿತ್ತು. ಅದರ ಜೊತೆಗೆ ಊತವೂ ಬಂದಿತ್ತು. ಮೊಹರು ಕುಟ್ಟುವ ಕೈಗೆ ಸಿಕ್ಕ ಬಲಗೆನ್ನೆ ಎಡಗೆನ್ನೆಗಿಂತ ಒಂದು ಸುತ್ತು ದಪ್ಪಗಾಗಿ, ಅದರ ಮೇಲೆ ನಾಲ್ಕು ಬೆರಳ ಗುರುತು ಕೆಂಪಗೆ ಎದ್ದು ಕಾಣುತ್ತಿತ್ತು. ತಣ್ಣೀರು ಎರಚಿಕೊಂಡರು. ಗುರುತು ಇನ್ನಷ್ಟು ಸ್ಪಷ್ಟವಾಯಿತು.

ಮೆಟ್ಟಿಲಿಳಿಯುವಾಗ ಕೆಳಮನೆಯ ನಿವೃತ್ತ ಕಾಂಪೌಂಡರ್ ಎದುರಾದರು. ನಿವೃತ್ತರಾದ ಮೇಲೆ ಅವರಿಗೆ ರೋಗಿಗಳು ಸಿಗುತ್ತಿರಲಿಲ್ಲ, ಸಿಕ್ಕವರನ್ನು ಬಿಡುತ್ತಿರಲಿಲ್ಲ.

"ಏನ್ರೀ ಇದು ಕೆನ್ನೆ?"

"ಏನಿಲ್ಲ ಬಿಡಿ. ಬಾಗಿಲು ತಗಲ್ತು."

ಕಾಂಪೌಂಡರ್ ಕನ್ನಡಕ ಏರಿಸಿ ಎಣಿಸಿದರು. "ಬಾಗಿಲಿಗೆ ನಾಲ್ಕು ಬೆರಳಿರುತ್ತಾ? ಮನೆಯವರೆಲ್ಲಿ?"

"ಆಗಲೇ ಶಾಲೆಗೆ ಹೋದ್ಲು."

"ನಿಮ್ಮನ್ನ ಈ ಸ್ಥಿತೀಲಿ ಬಿಟ್ಟು ಹೋದ್ರಾ?" ಕಾಂಪೌಂಡರ್ ನಿಟ್ಟುಸಿರಿಟ್ಟರು. "ಸಣ್ಣಗೆ ಮಾತಾಡೋರು ಅವರು. ಕೈ ಇಷ್ಟು ಜೋರು ಅಂತ ಗೊತ್ತಿರಲಿಲ್ಲ."

ಮಸಾಜ್ ವಿಷಯ ಬಾಯಿಬಿಡಲು ಗುಮಾಸ್ತರಿಗೆ ನಾಚಿಕೆಯಾಯಿತು. "ಹೊತ್ತಾಯ್ತು" ಎಂದು ತಪ್ಪಿಸಿಕೊಂಡು ಹೋದರು. ಇವರು ರಸ್ತೆಯ ತಿರುವು ದಾಟುವಷ್ಟರಲ್ಲಿ ಕಾಂಪೌಂಡರ್ ಕಚೇರಿಯ ಅಟೆಂಡರಿಗೆ ಫೋನು ಮಾಡಿಯಾಗಿತ್ತು. ಅವರಿಬ್ಬರೂ ಹಳೆಯ ಸ್ನೇಹಿತರು.

ಕಚೇರಿಯಲ್ಲಿ ಅಟೆಂಡರ್ ತಾನಾಗಿಯೇ ನೀರು ತಂದುಕೊಟ್ಟ. ಅದು ಹದಿನೆಂಟು ವರ್ಷದಲ್ಲಿ ಮೊದಲ ಸಲ. ಯಾರೂ ಇವರ ಕೆನ್ನೆ ನೋಡಲಿಲ್ಲ; ನೋಡದಿರಲು ಎಲ್ಲರೂ ತುಂಬಾ ಕಷ್ಟಪಡುತ್ತಿದ್ದರು. ಕೊನೆಗೆ ದಾಖಲೆ ಕೋಣೆಯ ಗುಮಾಸ್ತೆಯೇ ಹತ್ತಿರ ಬಂದಳು.

"ಅಣ್ಣಾ, ಸಹಿಸ್ಕೊಂಡು ಕೂರಬಾರದು. ನಮ್ಮ ಭಾವನೂ ವರ್ಷಗಟ್ಟಲೆ ಬಾಗಿಲು ಬಾಗಿಲು ಅಂತಾನೇ ಇದ್ರು."

"ಅಯ್ಯೋ, ಹಾಗೇನಿಲ್ಲಮ್ಮ..."

"ಅವರೂ ಹೀಗೇ ಅಂತಿದ್ರು" ಎಂದು ಅವಳು ಕಣ್ಣೊರೆಸಿಕೊಂಡಳು.

ಸ್ವಲ್ಪ ಹೊತ್ತಿಗೆ ಟೈಪಿಸ್ಟ್ ಒಂದು ಅರ್ಜಿ ತಂದು ಇವರ ಮೇಜಿನ ಮೇಲಿಟ್ಟ. ಸಾಹೇಬರಿಗೆ ಹೋಗುವ ಕಾಗದಗಳೆಲ್ಲ ಟಪಾಲು ವಿಭಾಗದ ಮೂಲಕವೇ ಹೋಗಬೇಕು. ಗುಮಾಸ್ತರು ಅಭ್ಯಾಸಬಲದಿಂದ ಓದದೆ ಮೊಹರು ಕುಟ್ಟಿ ಒಳಗೆ ಕಳಿಸಿದರು.

ಹನ್ನೊಂದಕ್ಕೆ ಕರೆ ಬಂತು. ಸಾಹೇಬರ ಕೈಯಲ್ಲಿದ್ದದ್ದು ಅದೇ ಅರ್ಜಿ. ಸಹಿ ಹಾಕಿದ ಹದಿನಾರು ಜನರೂ ಬಾಗಿಲಲ್ಲಿ ಕಿಕ್ಕಿರಿದು ನಿಂತಿದ್ದರು.

"ಹೆಂಡತಿಯ ದೌರ್ಜನ್ಯದಿಂದ ನಮ್ಮ ಸಹೋದ್ಯೋಗಿಯನ್ನು ಪಾರುಮಾಡಬೇಕು" ಎಂದು ಸಾಹೇಬರು ಓದಿದರು. "ಅವರ ಶಾಲೆಗೂ ಒಂದು ಪ್ರತಿ ಕಳಿಸ್ಬೇಕಂತೆ. ಕಳಿಸ್ಲೇನ್ರೀ?"

ಗುಮಾಸ್ತರಿಗೆ ಹೆಂಡತಿಯ ನೆನಪಾಯಿತು. ಇರುವೆ ಕಚ್ಚಿದರೂ ಅದನ್ನು ಊದಿ ಕಳಿಸುವ ಹೆಂಗಸು ಅವಳು. ಆ ಕಾಗದ ಶಾಲೆಗೆ ಹೋದರೆ ನಾಳೆ ಮಕ್ಕಳ ಮುಂದೆ ಹೇಗೆ ನಿಲ್ಲುತ್ತಾಳೆ? ಮಾನ ಹೋಗುವುದಾದರೆ ತನ್ನದೇ ಹೋಗಲಿ ಎಂದು ಕಣ್ಣು ಮುಚ್ಚಿಕೊಂಡರು.

"ಸಾರ್, ಅವಳದೇನೂ ತಪ್ಪಿಲ್ಲ. ಈ ಬೆರಳು ನನ್ನವೇ. ಚರ್ಮಕ್ಕೆ ಕಳೆ ಬರ್ಲಿ ಅಂತ ಮುಖಕ್ಕೆ ಮಸಾಜ್ ಮಾಡ್ಕೊಂಡೆ."

ಬಾಗಿಲಲ್ಲಿ ಮೊದಲು ಟೈಪಿಸ್ಟ್ ನಕ್ಕ. ಆಮೇಲೆ ಹದಿನಾರು ಸಹಿಗಳೂ ಒಟ್ಟಿಗೆ ನಕ್ಕವು. ನಗದವರು ಸಾಹೇಬರೊಬ್ಬರೇ. ಎಲ್ಲರನ್ನೂ ಗದರಿ ಓಡಿಸಿ, ಬಾಗಿಲು ಹಾಕಿ ಬಂದು ದನಿ ತಗ್ಗಿಸಿದರು.

"ನಿಜವಾಗ್ಲೂ ಕಳೆ ಬರುತ್ತೇನ್ರೀ?" ಎಂದು ತಮ್ಮ ಜೋತುಬಿದ್ದ ಗಲ್ಲವನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದರು. "ಎಲ್ಲಿ, ಸ್ವಲ್ಪ ಮಾಡಿ ನೋಡೋಣ."

ತನ್ನ ಮುಖವಾದರೆ ಹೇಗಾದರೂ ನಾದಬಹುದು. ಇದು ಸಾಹೇಬರ ಮುಖ. ಹೆದರಿಕೆಗೆ ಗುಮಾಸ್ತರ ಬೆರಳು ತಾವಾಗಿ ಹತ್ತಿಯಂತಾದವು. ಗಲ್ಲದಿಂದ ಕಿವಿಗೆ, ಹುಬ್ಬಿನಿಂದ ಮೇಲಕ್ಕೆ. ಐದನೆಯ ನಿಮಿಷಕ್ಕೆ ಸಾಹೇಬರು ಗೊರಕೆ ಹೊಡೆಯತೊಡಗಿದರು. ನಿಲ್ಲಿಸಲು ಧೈರ್ಯ ಸಾಲದೆ ಗುಮಾಸ್ತರು ಊಟದ ಗಂಟೆಯವರೆಗೂ ಮುಂದುವರಿಸಿದರು.

ಎಚ್ಚೆತ್ತ ಸಾಹೇಬರು ಫೋನಿನಲ್ಲಿ ಮುಖ ನೋಡಿಕೊಂಡರು. ಎಡಕ್ಕೆ ತಿರುಗಿ ನೋಡಿದರು, ಬಲಕ್ಕೆ ತಿರುಗಿ ನೋಡಿದರು.

"ಎಂಥಾ ಕೈ ರೀ ನಿಮ್ದು! ಇಂಥವರನ್ನ ಇಷ್ಟು ವರ್ಷ ಗುರುತಿಸಲಿಲ್ವಲ್ಲ, ಅನ್ಯಾಯ."

ಗುಮಾಸ್ತರ ಕಣ್ಣು ತುಂಬಿ ಬಂತು. ಸಾಹೇಬರು ಬಡ್ತಿಯ ಆದೇಶವನ್ನು ಹತ್ತಿರಕ್ಕೆಳೆದುಕೊಂಡು, ಖಾಲಿ ಜಾಗದಲ್ಲಿ ದಾಖಲೆ ಕೋಣೆಯ ಗುಮಾಸ್ತೆಯ ಹೆಸರು ಬರೆದು ಸಹಿ ಹಾಕಿದರು.

"ನಿಮ್ಮನ್ನ ಆ ಕಟ್ಟಡಕ್ಕೆ ಕಳಿಸಿಬಿಟ್ರೆ ನನ್ನ ಗತಿ ಏನ್ರೀ? ನಾಳೆಯಿಂದ ಅರ್ಧ ಗಂಟೆ ಮುಂಚೆ ಬಂದ್ಬಿಡಿ. ಎಣ್ಣೆ ನೀವೇ ತನ್ನಿ."

ಸಂಜೆ ಬಾಗಿಲು ತೆಗೆದ ಹೆಂಡತಿ ಆಸೆಯಿಂದ ಕೇಳಿದಳು: "ಏನಾಯ್ತು? ಸಾಹೇಬರಿಗೆ ಮುಖ ಹಿಡಿಸ್ತಾ?"

ಗುಮಾಸ್ತರು ಚಪ್ಪಲಿ ಬಿಟ್ಟು ಒಳಗೆ ಬಂದರು.

"ಇಲ್ಲ. ಕೈ ಹಿಡಿಸ್ತು."