ಒಂದು ಮೋಟಾರೋ, ಎರಡು ಮೋಟಾರೋ

ಊರಿನ ಅರ್ಧ ಜನರ ಮೂಗಿನ ಮುಂದೆ ಎರಡೆರಡು ಗಾಜು ಹಿಡಿದು, "ಇದು ಚೆನ್ನಾಗಿ ಕಾಣುತ್ತಾ, ಅದು ಚೆನ್ನಾಗಿ ಕಾಣುತ್ತಾ?" ಎಂದು ಕೇಳುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವರನ್ನು ಹಿಡಿದು ಯಾರಾದರೂ ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳಿದರೆ ಹೇಗಿರುತ್ತದೆ? ಕನ್ನಡಕದಂಗಡಿಯ ಯಜಮಾನರಿಗೆ ಇದು ತಿಳಿದದ್ದು ಕಾರು ಕೊಳ್ಳಲು ಹೊರಟ ಮೇಲೆ.

ಬೀದಿಯವರು ಅವರನ್ನು ಬೆನ್ನ ಹಿಂದೆ 'ಇದಾ-ಅದಾ' ಎಂದು ಕರೆಯುತ್ತಿದ್ದರು. (ಎದುರಿಗೂ ಕರೆಯುತ್ತಿದ್ದರು. ಹೊಸ ಕನ್ನಡಕಕ್ಕೆ ರಿಯಾಯಿತಿ ಬೇಕಾದಾಗ ಮಾತ್ರ 'ಸಾರ್'.) ಬೇರೆಯವರ ಆಯ್ಕೆಯಲ್ಲಿ ಅವರಷ್ಟು ಚುರುಕಿನವರು ಇನ್ನೊಬ್ಬರಿರಲಿಲ್ಲ. ತಮ್ಮ ಆಯ್ಕೆಗೆ ಬಂದರೆ, ಯಾವ ಅಂಗಿ ಹಾಕಲಿ ಎಂದು ಬೆಳಗ್ಗೆ ಬೀರುವಿನ ಮುಂದೆ ನಿಂತವರು, ಆ ಅಂಗಿಗಳ ಫ್ಯಾಷನ್ನು ಹೋಗಿ ಮತ್ತೆ ಅದೇ ಫ್ಯಾಷನ್ನು ಬರುವವರೆಗೂ ನಿಂತಿರುತ್ತಿದ್ದರು.

ಅವರ ಕಸುಬಿನಲ್ಲಿ ಒಂದು ಗುಟ್ಟಿತ್ತು. ಗಿರಾಕಿ ನಿಜವಾಗಿ ನೋಡಿ ಹೇಳುತ್ತಾನೋ, ಸುಮ್ಮನೆ ತಲೆಯಾಡಿಸುತ್ತಾನೋ ಎಂಬ ಅನುಮಾನ ಬಂದಾಗ, ಹಾಕಿದ ಗಾಜನ್ನು ತೆಗೆದಂತೆ ಮಾಡಿ ಮತ್ತೆ ಅದನ್ನೇ ಹಾಕುವುದು. ಬಹಳ ಮಂದಿ, "ಹಾಂ! ಈಗ ನೋಡಿ, ಎರಡನೇದು ಎಷ್ಟು ಸ್ಪಷ್ಟ!" ಎಂದು ಹಿಗ್ಗುತ್ತಿದ್ದರು. ಈ ಕಥೆಯನ್ನು ಯಜಮಾನರು ಊಟದ ಹೊತ್ತಿಗೆ ಹೆಂಡತಿಗೆ ಹೇಳಿ, ತುತ್ತು ನೆತ್ತಿಗೆ ಹತ್ತುವಂತೆ ನಗುತ್ತಿದ್ದರು. ಹೆಂಡತಿ ನೀರಿನ ಲೋಟ ಮುಂದಿಡುತ್ತಿದ್ದರು.

ಆ ಹೆಂಡತಿಯನ್ನು ಎಲ್ಲರೂ ಟೈಪಿಸ್ಟಮ್ಮ ಎನ್ನುತ್ತಿದ್ದರು. ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಸಾಕ್ಷಿಯವನು ಬಾಯಿ ತೆರೆಯುವಷ್ಟರಲ್ಲಿ ಇವರು ಪೂರ್ಣವಿರಾಮ ಒತ್ತಿರುತ್ತಿದ್ದರಂತೆ. ಒಮ್ಮೆ ಒಬ್ಬ ಕಳ್ಳ, ತಾನು ಇನ್ನೂ ಹೇಳಬೇಕಾಗಿದ್ದ ಸುಳ್ಳು ಇವರ ಹಾಳೆಯಲ್ಲಿ ಆಗಲೇ ಅಚ್ಚಾಗಿರುವುದನ್ನು ಕಂಡು, ನಾಚಿ ತಪ್ಪೊಪ್ಪಿಕೊಂಡನೆಂದು ಪ್ರತೀತಿ.

ಮನೆಯ ಹಳೆಯ ಕಾರು ಪ್ರಾಣ ಬಿಟ್ಟಿತ್ತು. ವಿದ್ಯುತ್ ಕಾರೇ ಆಗಬೇಕೆಂಬುದರಲ್ಲಿ ಗಂಡಹೆಂಡಿರಿಗೆ ಒಮ್ಮತವಿತ್ತು. ಆದರೆ ಆ ಕಾರು ಎರಡು ಬಗೆಯಲ್ಲಿ ಬರುತ್ತಿತ್ತು. ಸ್ಟ್ಯಾಂಡರ್ಡಿಗೆ ಒಂದೇ ಮೋಟಾರು, ಒಮ್ಮೆ ಚಾರ್ಜ್ ಮಾಡಿದರೆ ದೂರ ಹೋಗುತ್ತದೆ. ಪರ್ಫಾರ್ಮೆನ್ಸಿಗೆ ಎರಡು ಮೋಟಾರು, ದಪ್ಪ ಟೈರು, ಚಕ್ರದ ಸಂದಿನಲ್ಲಿ ಕೆಂಪು ಬಳಿದ ಬ್ರೇಕು. ಅದು ಅಷ್ಟು ದೂರ ಹೋಗುವುದಿಲ್ಲ, ಹೋಗುವಷ್ಟು ದೂರ ಮಾತ್ರ ಬೇಗ ಹೋಗಿಬಿಡುತ್ತದೆ. ನಿಂತಲ್ಲಿಂದ ನೂರರ ವೇಗ ಮುಟ್ಟಲು ಬರೀ ನಾಲ್ಕು ಸೆಕೆಂಡು. (ಯಜಮಾನರಿಗೆ ಸೋಫಾದಿಂದ ಏಳಲು ಇದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತಿತ್ತು.)

ಆಶ್ಚರ್ಯವೆಂದರೆ, ಜನ್ಮದಲ್ಲಿ ಮೊದಲ ಸಲ ಯಜಮಾನರು ತಡವರಿಸದೆ "ಪರ್ಫಾರ್ಮೆನ್ಸೇ!" ಎಂದು ಘೋಷಿಸಿದರು. ಅದಕ್ಕೆ ಕಾರಣ ಬಾಮೈದ. ಅವನಿಗೊಂದು ಗುಡುಗುವ ಕಾರಿತ್ತು, ಅದಕ್ಕಿಂತ ಜೋರಾಗಿ ಗುಡುಗುವ ಬಾಯಿತ್ತು. ನಾಲ್ಕು ಜನ ಸೇರಿದಲ್ಲೆಲ್ಲ ಅವನದು ಒಂದೇ ಕಥೆ:

"ಭಾವನ ಕಾರನ್ನ ಒಬ್ಬ ಸೈಕಲ್‌ನವನು ಬೆಲ್ ಮಾಡ್ಕೊಂಡು ದಾಟಿದ. ದಾಟಿದ್ದಲ್ಲದೆ ತಿರುಗಿ ನೋಡಿ, 'ಪಂಕ್ಚರಾ ಸಾರ್?' ಅಂತ ಕೇಳಿದ!"

ಒಂದೇ ಒಂದು ಸಲ, ಸಿಗ್ನಲ್ಲಿನಲ್ಲಿ ಅವನ ಪಕ್ಕ ನಿಂತು, ಹಸಿರು ದೀಪ ಬಿದ್ದ ಕೂಡಲೇ ಅವನ ಮುಖಕ್ಕೆ ಧೂಳೆಬ್ಬಿಸಿ ಹೋಗಬೇಕು. ಆಗ ಕನ್ನಡಿಯಲ್ಲಿ ಅವನ ಮುಖ ನೋಡಬೇಕು. ಯಜಮಾನರಿಗೆ ಬದುಕಿನಲ್ಲಿ ಉಳಿದಿದ್ದ ಮಹದಾಸೆ ಇಷ್ಟೇ.

"ರೀ, ಮನೆಯಿಂದ ಅಂಗಡಿಗೆ ಎರಡು ತಿರುವು," ಎಂದರು ಟೈಪಿಸ್ಟಮ್ಮ. "ಅದರ ಮಧ್ಯ ನೂರರ ವೇಗ ಎಲ್ಲಿ ಹಾಕ್ತೀರಿ? ಅಂಗಡಿ ದಾಟಿ ಪಕ್ಕದೂರಲ್ಲಿ ಹೋಗಿ ನಿಲ್ತೀರಿ. ಗಿರಾಕಿಗಳು ಅಲ್ಲಿಗೇ ಬರಬೇಕಾಗುತ್ತೆ."

"ವೇಗ ಓಡಿಸೋಕಲ್ಲ ಕಣೇ. ಇದೆ ಅನ್ನೋ ಧೈರ್ಯಕ್ಕೆ."

"ಧೈರ್ಯ ಬೇಕಾದ್ರೆ ಮೊದಲು ಜಿರಳೆ ಕಂಡಾಗ ಮಂಚ ಹತ್ತೋದು ಬಿಡಿ. ಆ ಟೈರು ರಸ್ತೇಲಿ ಬಿದ್ದ ಬೆಂಕಿಕಡ್ಡಿ ಮೇಲೆ ಹತ್ತಿದ್ರೂ ಸೊಂಟಕ್ಕೆ ಗೊತ್ತಾಗುತ್ತಂತೆ. ಸ್ಟ್ಯಾಂಡರ್ಡಿಗೆ ಏನಾಗಿದೆ ಧಾಡಿ? ನಿಮಗೆ ವ್ಯತ್ಯಾಸನಾದ್ರೂ ಗೊತ್ತಾಗುತ್ತಾ?"

ಯಜಮಾನರಿಗೆ ಕೆಣಕಿದಂತಾಯಿತು. "ಗೊತ್ತಾಗುತ್ತಾ ಅಂತೀಯಾ? ಕಣ್ಣು ಕಟ್ಟಿ ಕೂರಿಸು! ಯಾವುದು ಒಂದು ಮೋಟಾರು, ಯಾವುದು ಎರಡು ಮೋಟಾರು ಅಂತ ನನ್ನ ಬೆನ್ನುಮೂಳೆ ಹೇಳುತ್ತೆ!"

"ಹೇಳದೇ ಹೋದ್ರೆ?"

"ಯಾವ ಕಾರು ಅನ್ನೋದು ನಿನ್ನ ತೀರ್ಮಾನ. ಕೀ ಕೂಡ ನಿನ್ನ ಕೈಲೇ. ನಾನು ಹಿಂದಿನ ಸೀಟಲ್ಲಿ ಬಾಯಿ ಮುಚ್ಕೊಂಡು ಕೂರ್ತೀನಿ!"

ಮೇಜಿನ ಮೇಲೆ ಟೈಪಿಸ್ಟಮ್ಮನ ಬೆರಳುಗಳು ತಾವಾಗಿಯೇ ಟಪಟಪ ಆಡಿದವು. "ಇನ್ನೊಂದ್ಸಲ ಹೇಳಿ, ನಿಧಾನಕ್ಕೆ," ಎಂದರು. ಯಜಮಾನರು ಇನ್ನೊಮ್ಮೆ, ಇನ್ನೂ ಜೋರಾಗಿ ಹೇಳಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಆವೇಶ ಬಂದವರಿಗೆ ನೆನಪಾಗುವ ಗಾದೆಯಲ್ಲ.

ಮರುದಿನ ಸಂಜೆ ಟೈಪಿಸ್ಟಮ್ಮ, "ಪರೀಕ್ಷೆಗೆ ಏರ್ಪಾಡು ಮಾಡಿ ಬರ್ತೀನಿ" ಎಂದು ಶೋರೂಮಿಗೆ ಹೋದರು. ವಾಪಸು ಬಂದಾಗ ಗಂಟು ಹಾಕಿದ ಕೂದಲು ಬಿಚ್ಚಿತ್ತು. ಕನ್ನಡಕ ಒಂದು ಕಿವಿಗೆ ಮಾತ್ರ ನೇತಾಡುತ್ತಿತ್ತು. ಕೆನ್ನೆ ಕೆಂಪಾಗಿತ್ತು.

"ಏನಾಯ್ತೇ?"

"ಗಾಳಿ," ಎಂದರು ಟೈಪಿಸ್ಟಮ್ಮ.

ಯಜಮಾನರು ಕಿಟಕಿಯಾಚೆ ನೋಡಿದರು. ಒಂದೆಲೆಯೂ ಅಲ್ಲಾಡುತ್ತಿರಲಿಲ್ಲ. ಆದರೆ ಆ ಸಂಜೆಯಿಂದ ಹೆಂಡತಿ ದಪ್ಪ ಟೈರಿನ ಸುದ್ದಿ ಎತ್ತಲಿಲ್ಲ, ಸೊಂಟದ ಸುದ್ದಿಯೂ ಇಲ್ಲ. ತಮ್ಮ ವಾದವೈಖರಿಗೆ ಕಲ್ಲೂ ಕರಗಿತೆಂದು ಯಜಮಾನರು ಬೀಗಿದರು. ಬಾಮೈದನಿಗೆ ತಾವೇ ಫೋನ್ ಮಾಡಿ, "ಭಾನುವಾರ ಶೋರೂಮಿಗೆ ಬಾರಯ್ಯಾ, ಬೆನ್ನುಮೂಳೆ ಅಂದ್ರೆ ಏನು ಅಂತ ನೋಡುವೆಯಂತೆ" ಎಂದು ಆಹ್ವಾನವನ್ನೂ ಕೊಟ್ಟರು.

ಭಾನುವಾರ ಬಂತು. ಕಣ್ಣು ಪರೀಕ್ಷೆಗೆ ಒಂದು ಕಣ್ಣು ಮುಚ್ಚಲು ಅಂಗಡಿಯಲ್ಲಿ ಬಳಸುತ್ತಿದ್ದ ಕಪ್ಪು ಪಟ್ಟಿಗಳಲ್ಲಿ ಎರಡನ್ನು ತಂದು, ಯಜಮಾನರು ತಾವೇ ಎರಡೂ ಕಣ್ಣಿಗೆ ಕಟ್ಟಿಕೊಂಡರು. ಹಿಂದಿನ ಸೀಟಿನಲ್ಲಿ ಅವರು ಮತ್ತು ಬಾಮೈದ, ಮುಂದೆ ಟೈಪಿಸ್ಟಮ್ಮ, ಓಡಿಸಲು ಶೋರೂಮಿನ ಹುಡುಗಿ.

"ಸಾರ್, ಇದು ಮೊದಲನೇದು," ಎಂದಳು ಹುಡುಗಿ. ಕಾರು ಒಂದು ಸುತ್ತು ಹೋಗಿ ಬಂತು.

ಯಜಮಾನರು ಮರುಕದಿಂದ ತಲೆಯಾಡಿಸಿದರು. "ಸ್ಟ್ಯಾಂಡರ್ಡು. ಪಾಪ, ಇದಕ್ಕೆ ಉಬ್ಬಸ. ನಮ್ಮ ಹಳೇದೇ ವಾಸಿ."

ಅವರನ್ನು ಕೈಹಿಡಿದು ಇಳಿಸಿದರು. ಬಾಗಿಲುಗಳು ದಡಬಡ ಸದ್ದು ಮಾಡಿದವು. ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ ನಡೆಸಿ ಮತ್ತೆ ಕೂರಿಸಿದರು. "ಸಾರ್, ಇದು ಎರಡನೇದು."

ಕಾರು ಹೊರಟಿತೋ ಇಲ್ಲವೋ, ಯಜಮಾನರು ಸೀಟಿಗೆ ಅಂಟಿಕೊಂಡರು. "ಅಯ್ಯಯ್ಯೋ! ಸ್ವಲ್ಪ ನಿಧಾನಮ್ಮಾ! ನನ್ನ ಹೊಟ್ಟೆ ಶೋರೂಮಲ್ಲೇ ಉಳ್ಕೊಂಡಿದೆ!"

ಆಗಲೇ ಟ್ರಿಣ್ ಟ್ರಿಣ್ ಎಂದು ಕಿಟಕಿಯ ಪಕ್ಕ ಸೈಕಲ್ ಬೆಲ್ ಕೇಳಿ, ಕ್ಷಣದಲ್ಲಿ ದೂರವಾಯಿತು.

"ಕೇಳಿದೆಯೇನಯ್ಯಾ?" ಯಜಮಾನರು ಬಾಮೈದನ ತೊಡೆಗೆ ಚಟೀರನೆ ಬಾರಿಸಿದರು. "ಸೈಕಲ್‌ನವನನ್ನ ಹೇಗೆ ಹಿಂದೆ ಹಾಕಿದ್ವಿ ನೋಡು! ಬೆಲ್ಲಿನ ಸದ್ದೂ ನಮ್ಮನ್ನ ಹಿಡಿಯೋಕಾಗಲಿಲ್ಲ!"

ಕರ್ಚೀಫನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡವರು ಮಾಡುವಂಥ ಸದ್ದೊಂದು ಬಾಮೈದನಿಂದ ಬಂತು.

"ಯಾಕೋ, ಭಯ ಆಯ್ತಾ?"

"ಪ್ರಾಣ ಹೋಗೋ ಹಾಗಾಯ್ತು ಭಾವ."

ಕಾರು ನಿಂತಿತು. ಯಜಮಾನರು ವಿಜಯಿಯಂತೆ ಪಟ್ಟಿ ಬಿಚ್ಚಿ ಇಳಿದು, "ಎರಡು ಮೋಟಾರು! ಅನುಮಾನವೇ ಇಲ್ಲ!" ಎನ್ನುತ್ತ ಕೆಂಪು ಬ್ರೇಕಿಗಾಗಿ ಬಗ್ಗಿ ನೋಡಿದರು. ಕೆಂಪು ಇರಲಿಲ್ಲ. ಎದ್ದು ಬಂದು ಇನ್ನೊಂದು ಚಕ್ರಕ್ಕೆ ಬಗ್ಗಿದರು. ಅಲ್ಲಿಯೂ ಇರಲಿಲ್ಲ. ನಾಲ್ಕನೆಯ ಚಕ್ರದ ಹತ್ತಿರ ಬಗ್ಗಿದವರು ಬಗ್ಗಿಯೇ ಉಳಿದರು.

"ಎರಡು ಸಲಾನೂ... ಇದೇನಾ?"

"ಒಂದೇ ಗಾಜು ಕಣ್ರೀ," ಎಂದರು ಟೈಪಿಸ್ಟಮ್ಮ ಮೆಲ್ಲಗೆ. "ತೆಗೆದ ಹಾಗೆ ಮಾಡಿ ಮತ್ತೆ ಅದನ್ನೇ ಹಾಕಿದ್ವಿ."

"ಮತ್ತೆ ಆ ಸೈಕಲ್ಲು?"

"ಅವನು ನಮ್ಮನ್ನ ದಾಟಿದ್ದು ಭಾವ," ಬಾಮೈದ ಕಣ್ಣೊರೆಸಿಕೊಂಡ. "ತಿರುಗಿ ಕೂಡ ನೋಡಿದ. ನಿಮ್ಮ ಕಣ್ಣಿಗೆ ಪಟ್ಟಿ ಕಟ್ಟಿದ್ದು ಕಂಡು, ಯಾರನ್ನೋ ಹೊತ್ಕೊಂಡು ಹೋಗ್ತಿದಾರೆ ಅಂತ ಹೆದರಿ ಇನ್ನೂ ಜೋರಾಗಿ ತುಳಿದ!"

ಯಜಮಾನರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಶೋರೂಮಿನ ಅಂಗಳಕ್ಕೆ ಗಟ್ಟಿ ಟೈಲ್ಸ್ ಹಾಕಿದ್ದರು, ಅದು ಬಾಯಿ ಬಿಡಲಿಲ್ಲ. ಆದರೂ ಅವರು ಮರ್ಯಾದಸ್ಥರು. ಕನ್ನಡಕ ಒರೆಸಿ ಹಾಕಿಕೊಂಡು, "ಆಯ್ತು. ಸೋತೆ. ಸ್ಟ್ಯಾಂಡರ್ಡೇ ಇರಲಿ ಕಣಮ್ಮಾ," ಎಂದರು ಹುಡುಗಿಗೆ.

"ಇಲ್ಲಮ್ಮಾ," ಎಂದರು ಟೈಪಿಸ್ಟಮ್ಮ. "ಪರ್ಫಾರ್ಮೆನ್ಸು."

ಯಜಮಾನರು ಕಿವಿ ತಿಕ್ಕಿಕೊಂಡರು. "ಏನಂದೆ?"

"ನಿಮಗೆ ಎರಡೂ ಒಂದೇ ಅಂತ ರುಜುವಾತಾಯ್ತಲ್ಲ. ಗೊತ್ತಾಗದೋರಿಗೆ ಯಾವುದಾದ್ರೇನು? ಗೊತ್ತಾಗೋರಿಗೆ ಬೇಕಾದ್ದು ತಗೋಳೋದು ನ್ಯಾಯ ಅಲ್ವಾ?"

"ಯಾರಿಗೆ ಗೊತ್ತಾಗೋದು?"

ಹುಡುಗಿ ಮುಖ ಅರಳಿಸಿ ಬಾಯಿ ಹಾಕಿದಳು. "ಮೊನ್ನೆ ಬಂದಾಗ ನಾನೇ ಹೇಳಿದೆ ಸಾರ್, 'ಅಮ್ಮಾ, ವ್ಯತ್ಯಾಸ ಗೊತ್ತಿಲ್ಲದೆ ಪರೀಕ್ಷೆ ಹೇಗೆ ಮಾಡ್ತೀರಿ, ಒಂದು ಸುತ್ತು ನೀವೇ ಓಡಿಸಿ' ಅಂತ. ಊರಾಚೆ ರಸ್ತೆಗೆ ಹೋದವರು, ಬ್ಯಾಟರಿ ಖಾಲಿಯಾಗೋವರೆಗೂ ವಾಪಸು ಬರಲಿಲ್ಲ."

ಟೈಪಿಸ್ಟಮ್ಮ ಯಾರನ್ನೂ ನೋಡುತ್ತಿರಲಿಲ್ಲ. ಒಳಗೆ ನಿಂತಿದ್ದ ಕೆಂಪು ಬ್ರೇಕಿನ ಕಾರನ್ನು ನೋಡುತ್ತಿದ್ದರು. "ಕೋರ್ಟಲ್ಲಿ ಇಷ್ಟು ವರ್ಷ ನನ್ನ ಬೆರಳು ಮುಂದೆ, ಮಿಕ್ಕಿದ್ದೆಲ್ಲ ಹಿಂದೆ ಕಣ್ರೀ," ಎಂದರು. "ವಕೀಲರು ತೊದಲಿ ಮುಗಿಸೋವರೆಗೂ ಕಾಯಬೇಕಿತ್ತು, ಜಡ್ಜ್ ಕೆಮ್ಮಿ ಮುಗಿಸೋವರೆಗೂ ಕಾಯಬೇಕಿತ್ತು. ಮೊದಲನೇ ಸಲ ನನ್ನ ಜೊತೆಜೊತೆಗೇ ಬರೋದೊಂದು ಸಿಕ್ತು."

ಬಾಮೈದ ನಗುವುದನ್ನು ನಿಲ್ಲಿಸಿದ್ದ. ಯಜಮಾನರು ವಾದಿಸುವಂತಿರಲಿಲ್ಲ, ಕರಾರು ಹಾಗಿತ್ತಲ್ಲ. "ಗಾಳಿ" ಎಂದರೆ ಯಾವ ಗಾಳಿ ಎಂಬುದು ಮಾತ್ರ ಈಗ ಅವರಿಗೆ ಸ್ಪಷ್ಟವಾಗಿ, ಗಾಜಿನ ಸಹಾಯವಿಲ್ಲದೆಯೇ ಕಂಡಿತು.

ಕಾರು ಮನೆಗೆ ಬಂತು. ಕೊಟ್ಟ ಮಾತಿನಂತೆ ಯಜಮಾನರು ಹಿಂದಿನ ಸೀಟಿನಲ್ಲಿ ಕೂತು, ಬಾಯಿ ಮುಚ್ಚಿಕೊಂಡು, ಎರಡೂ ಕೈಯಿಂದ ಕಿಟಕಿಯ ಮೇಲಿನ ಹಿಡಿಕೆ ಹಿಡಿದುಕೊಂಡರು. ಮೊದಲ ದಿನವೇ, ದೈವೇಚ್ಛೆ ನೋಡಿ, ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತದ್ದು ಬಾಮೈದನ ಕಾರು. ಅವನು ಗುಡುಗಿಸಿದ. ಟೈಪಿಸ್ಟಮ್ಮ ಸ್ಟೀರಿಂಗಿನ ಮೇಲೆ ಒಮ್ಮೆ ಬೆರಳಾಡಿಸಿದರು.

ಹಸಿರು ಬಿತ್ತು. ಕೋರ್ಟಿನಲ್ಲಿ ಸವೆದ ಜೀವ, ವೇಗದ ಮಿತಿಯನ್ನು ಟೈಪಿಸ್ಟಮ್ಮ ಕೂದಲೆಳೆಯಷ್ಟೂ ಮೀರಲಿಲ್ಲ. ಆದರೆ ಆ ಮಿತಿಯನ್ನು ಅವರು ಎಷ್ಟು ಬೇಗ ಮುಟ್ಟಿದರೆಂದರೆ, ಸಿಗ್ನಲ್ಲಿನಲ್ಲಿ ಇನ್ನೂ ಕೆಂಪಿನ ಬಿಸಿ ಆರಿರಲಿಲ್ಲವಂತೆ. ಕನ್ನಡಿಯಲ್ಲಿ ಬಾಮೈದ ಸಾಸಿವೆಯಷ್ಟಾದ, ಅವನ ತೆರೆದ ಬಾಯಿ ಮಾತ್ರ ದೊಡ್ಡದಾಗಿಯೇ ಕಾಣುತ್ತಿತ್ತು. ಯಾವ ದೃಶ್ಯಕ್ಕಾಗಿ ಯಜಮಾನರು ಜೀವ ಹಿಡಿದುಕೊಂಡಿದ್ದರೋ ಆ ದೃಶ್ಯ ಅಲ್ಲಿ ಹಾಗೆ ಅಖಂಡವಾಗಿ ತೆರೆದುಕೊಂಡಿತ್ತು. ಯಜಮಾನರು ಅದನ್ನು ನೋಡಲಿಲ್ಲ. ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡಿದ್ದರು, ಪಟ್ಟಿಯ ಅಗತ್ಯವೇ ಬಿದ್ದಿರಲಿಲ್ಲ.

"ರೀ," ಎಂದು ಮುಂದಿನಿಂದ ಹರ್ಷದ ದನಿ ಬಂತು. "ಅವತ್ತಿನ ಒಂದು ಮೋಟಾರು ಚೆನ್ನಾಗಿತ್ತಾ, ಈ ಎರಡು ಮೋಟಾರು ಚೆನ್ನಾಗಿದೆಯಾ?"

ಜನ್ಮದಲ್ಲಿ ಎರಡನೇ ಸಲ ಯಜಮಾನರು ತಡವರಿಸಲಿಲ್ಲ. ಬೆನ್ನುಮೂಳೆ ಹೇಳಬೇಕಾದ್ದನ್ನೆಲ್ಲ ಹೇಳಿಯಾಗಿತ್ತು. ಬಾಯಿ ಬಿಡುವಂತಿರಲಿಲ್ಲ, ಹಿಡಿಕೆ ಬಿಡುವಂತೆಯೂ ಇರಲಿಲ್ಲ. ಕಣ್ಣು ಮುಚ್ಚಿಕೊಂಡೇ, ಹಿಡಿಕೆಯ ಮೇಲಿಂದ ಒಂದೇ ಒಂದು ಬೆರಳನ್ನು ಮೇಲೆತ್ತಿದರು.