ಗುರುಸಿದ್ಧಪ್ಪನ ಬಾಡಿಗೆ ದಿಗ್ವಿಜಯ

ಹನ್ನೊಂದು ತಿಂಗಳಿಗೊಮ್ಮೆ ಪ್ರಳಯವಾಗಿ ಹೊಸ ಕರಾರುಪತ್ರದೊಡನೆ ಮರಳಿ ಸೃಷ್ಟಿಗೊಳ್ಳುವ ಈ ಬಾಡಿಗೆಯುಗದಲ್ಲಿ, ಅಡ್ವಾನ್ಸೆಂಬ ಅಗಾಧ ಜಲಧಿಯನ್ನು ಕೈಗಡದ ದೋಣಿಯಲ್ಲಿ ದಾಟಿದವನೂ, ಗೋಡೆಗೆ ಮೊಳೆ ಹೊಡೆಯೆನೆಂಬ ಘೋರಪ್ರತಿಜ್ಞೆಯನ್ನು ಕೈಗೊಂಡವನೂ, ಟೈಲ್ಸ್ ಅಂಗಡಿಯಲ್ಲಿ ನಿಂತು ಪರರ ನೆಲಗಳನ್ನು ಥಳಥಳಿಸುವಂತೆ ಮಾಡಿ ತಾನು ಮಾತ್ರ ಹುಬ್ಬಳ್ಳಿಯ ಉಳ್ಳಾಗಡ್ಡಿಯವರ ಕೆಳಮನೆಯ ಸಿಮೆಂಟು ನೆಲದ ಮೇಲೆ ಪವಡಿಸುವವನೂ ಆದ ಮೆಣಸಿನಕಾಯಿ ಕುಲತಿಲಕ ಗುರುಸಿದ್ಧಪ್ಪನ ಪರಾಕ್ರಮವನ್ನು ಹಾಡದ ನಾಲಿಗೆ ಇದ್ದು ಫಲವೇನು? ವಾಗ್ದೇವಿಯೇ, ಬಂದು ನೆಲೆಸು. ಇರುವುದು ಒಂದೇ ಕುರ್ಚಿ, ಸುಧಾರಿಸಿಕೋ.

ಯುದ್ಧಕ್ಕೆ ಕಾರಣ ಐದುನೂರು ರೂಪಾಯಿ. ಮೇಲ್ಮನೆಯ ಒಡತಿ ಉಳ್ಳಾಗಡ್ಡಿ ನಾಗರತ್ನಕ್ಕ, "ಬರೋ ತಿಂಗಳಿಂದ ಐನೂರು ಹೆಚ್ಚ ಕೊಡ್ರೆಪಾ" ಎಂದು ಮೆಟ್ಟಿಲ ಮೇಲಿಂದಲೇ ಶಾಸನ ಹೊರಡಿಸಿದ್ದಳು. ಅಷ್ಟೇ ಆಗಿದ್ದರೆ ವೀರನು ಉಗುಳು ನುಂಗಿ ಸುಮ್ಮನಾಗುತ್ತಿದ್ದ. ಆದರೆ ಗೃಹ ಮತ್ತು ಹಣಕಾಸು ಎರಡೂ ಖಾತೆಗಳನ್ನು ಬಿಗಿಮುಷ್ಟಿಯಲ್ಲಿ ಹಿಡಿದ ಮಡದಿ ಸುವರ್ಣಾ ಕೂಡಲೇ ಆಯವ್ಯಯ ಮಂಡಿಸಿದಳು: "ಆ ಐನೂರು ನಿಮ್ಮ ಸಂಜೀ ಗಿರ್ಮಿಟ್ಟಿನ್ಯಾಗ ಮುರಕೋತೀನ್ರಿ."

ಗಿರ್ಮಿಟ್! ಹುಣಸೆರಸದ ಒಗ್ಗರಣೆಯಲ್ಲಿ ಮಿಂದ ಚುರುಮುರಿ, ಮೇಲೆ ಹುರಿಗಡಲೆಯ ಪುಠಾಣಿ ಹಿಟ್ಟು, ಹಸಿ ಈರುಳ್ಳಿ, ಮಗ್ಗುಲಲ್ಲಿ ಬಿಸಿ ಮಿರ್ಚಿ ಬಜ್ಜಿ. ದಿನವಿಡೀ "ಬ್ಯಾರೆ ಡಿಸೈನ್ ತೋರಸ್ರಿ" ಎನ್ನುವ ಗಿರಾಕಿಗಳನ್ನು ತಾಳಿಕೊಳ್ಳುವ ಆತನಿಗೆ ಮೂರು ದಿನಕ್ಕೊಂದು ಸಂಜೆಯ ಆ ತಟ್ಟೆಯೊಂದೇ ಬಾಳಿನ ಸುಖ. ಅದೂ ಹೋಗುತ್ತದೆಂದು ತಿಳಿದು ನಮ್ಮ ನಾಯಕನಿಗೆ ನಿಜಕ್ಕೂ ಅಳು ಬಂತು.

ಆಗ ದೈವವು ರವಿವಾರದ ಪುರವಣಿಯ ರೂಪದಲ್ಲಿ ಬಾಗಿಲಡಿಯಿಂದ ಒಳನುಸುಳಿತು. ಅದರಲ್ಲಿ ರಾಜ್ಯದ ಊರೂರುಗಳ ಮನೆಬಾಡಿಗೆಯ ಸರಾಸರಿ ಅಚ್ಚಾಗಿತ್ತು. ಆತನು ತನ್ನ ಊರಿನ ಸಾಲನ್ನು ಹುಡುಕಿದನು. ಎರಡು ಕೋಣೆಯ ಮನೆಗೆ ಎಂಟು ಸಾವಿರ! ತಾನೋ, ಈಗಾಗಲೇ ಎಂಟೂವರೆ ತೆರುತ್ತಿದ್ದ. ಕೆಳಗಿನ ಸಾಲುಗಳನ್ನೂ ಓದುವ ವ್ಯವಧಾನ ವೀರರಿಗೆಲ್ಲಿಯದು?

"ಎಲೆ ಕಾಂತೆ!" ಎಂದು ಲುಂಗಿಯನ್ನು ಬಿಗಿದುಟ್ಟು ಗರ್ಜಿಸಿದನು. "ಸರಾಸರಿಯೆಂಬ ಈ ದಿವ್ಯಾಸ್ತ್ರವನ್ನು ಹೂಡಿ, ಉಳ್ಳಾಗಡ್ಡಿ ಸಾಮ್ರಾಜ್ಯದ ದರ್ಪವನ್ನು ಈರುಳ್ಳಿಯಂತೆ ಸಿಪ್ಪೆ ಸಿಪ್ಪೆಯಾಗಿ ಸುಲಿಯದೆ ಈ ಮೆಟ್ಟಿಲನ್ನು ಇಳಿದೆನಾದರೆ, ನನ್ನನ್ನು ಮೆಣಸಿನಕಾಯಿ ಎನ್ನಬೇಡ, ಸೌತೆಕಾಯಿ ಎನ್ನು!"

"ಲಗೂನ ಬರ್ರಿ, ರೊಟ್ಟಿ ಆರತಾವ" ಎಂದು ಕಾಂತೆಯು ಹರಸಿದಳು.

ಮೇಲೆ ನಾಗರತ್ನಕ್ಕ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ವೀರನು ಎದುರಿಗೆ ನಿಂತು, "ಎಲೌ ಬಾಡಿಗೆವರ್ಧಿನಿ! ಅನ್ಯಾಯದ ಅಂಕಿಯನ್ನು ಹಿಂದೆಗೆ, ಇಲ್ಲವೇ ಯುದ್ಧಕ್ಕೆ ಸನ್ನದ್ಧಳಾಗು!" ಎಂಬ ಅರ್ಥ ಬರುವಂತೆ, "ಅಕ್ಕಾರ, ಒಂಚೂರು ಮಾತಾಡೋದಿತ್ರೀ" ಎಂದನು.

"ಕುಂದರ್ರಿ. ಏನದು ಪೇಪರ್?"

"ಊರಿನ ಸರಾಸರಿ ಬಾಡಗಿ ನೋಡ್ರಿ, ಎಂಟ ಸಾವಿರ. ನೀವು ಹೆಚ್ಚ ಮಾಡೋದು ಬಿಡ್ರಿ, ಐನೂರು ಇಳಸಬೇಕ ನೀವು!"

ದಿಕ್ಕುಗಳು ನಡುಗಿದವು. ಜೋಳದ ಹೊಟ್ಟು ಹಾರಿತು. ನಾಗರತ್ನಕ್ಕ ಮಾತ್ರ ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ, ಪುರವಣಿಯನ್ನು ಇಸಿದುಕೊಂಡು, ವೀರನು ಮುಟ್ಟದೆ ಬಿಟ್ಟ ಸಾಲುಗಳ ಮೇಲೆ ಬೆರಳಾಡಿಸುತ್ತ ತಳಕ್ಕೆ ಬಂದಳು.

"ಇಲ್ಲೆ ಕಡೀಕ ಏನ ಬರದಾರ? ರಾಜ್ಯದ ಸರಾಸರಿ, ಹದಿನೈದು ಸಾವಿರ. ನಾವು ಈ ರಾಜ್ಯದಾಗ ಇಲ್ಲೇನ್ರಿ?"

ವೀರನು ಪುರವಣಿಯ ಮೇಲೆ ಬಾಗಿದನು. "ಅದರಾಗ ಬೆಂಗಳೂರು ಸೇರೈತ್ರೀ ಅಕ್ಕಾರ. ಅದಕ್ಕ ಅಷ್ಟು ಏರೈತಿ. ಬೆಂಗಳೂರು ತಗದು ನೋಡ್ರಿ."

"ಯಾಕ ತಗೀಬೇಕು? ರಾಜ್ಯೋತ್ಸವದಾಗ ಓಣ್ಯಾಗ ಮೈಕ್ ಹಿಡದು, 'ಬೀದರದಿಂದ ಚಾಮರಾಜನಗರದ ತನಕ ನಾವೆಲ್ಲಾ ಒಂದ' ಅಂತ ಭಾಷಣ ಹೊಡದವರು ಯಾರು? ಬಾಡಗಿ ಬಂದಕೂಡ್ಲೇ ಬೆಂಗಳೂರು ಬ್ಯಾರೆ ಆತೇನು?"

ಅಯ್ಯೋ, ಅಖಂಡ ಕರ್ನಾಟಕವೇ ವೀರನ ಮೇಲೆ ಕುಸಿದು ಬಿತ್ತು! ಬೆಂಗಳೂರನ್ನು ಬಿಟ್ಟರೆ ನಾಡದ್ರೋಹ, ಹಿಡಿದರೆ ಹದಿನೈದು ಸಾವಿರ. ಓಣಿಯವರೆಲ್ಲ ಚಪ್ಪಾಳೆ ತಟ್ಟಿದ ಆ ಭಾಷಣವನ್ನು ಆತನು ಮೊದಲ ಬಾರಿಗೆ ಮನಸಾರೆ ಶಪಿಸಿದನು. ಬಿಟ್ಟ ಬಾಣವೇ ತಿರುಗಿ ಎದೆಗೆ ನಾಟಿದಾಗ ಉಳಿಯುವುದು ನಿಜ ಹೇಳುವುದೊಂದೇ.

"ಅಕ್ಕಾರ," ಎಂದನು. "ಐನೂರು ಹೆಚ್ಚಾದ್ರ ಆಕಿ ನನ್ನ ಗಿರ್ಮಿಟ್ ಬಂದ್ ಮಾಡತಾಳ್ರಿ."

ನಾಗರತ್ನಕ್ಕನ ಕೈಯ ಮೊರ ನಿಂತಿತು. ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಎದ್ದ ಹೋಗ್ರೀ ಮಾರಾಯ್ರ. ಐವತ್ತು ಬಿಟ್ಟೀನಿ. ನಾಕನೂರಾ ಐವತ್ತು ಹೆಚ್ಚ ಕೊಡ್ರಿ."

ಜಯಭೇರಿ ಮೊಳಗದಿದ್ದರೂ ಮೊಳಗಿತೆಂದೇ ಭಾವಿಸಿ, ಗುರುಸಿದ್ಧಪ್ಪನು ವಿಜಯಗಾಂಭೀರ್ಯದಿಂದ ಮೆಟ್ಟಿಲಿಳಿದನು. "ಇಳಿಸಿ ಬಂದೆ! ಐವತ್ತು!"

ಸುವರ್ಣಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಐವತ್ತಕ್ಕ ಎಷ್ಟು ಪ್ಲೇಟ್ ಬರತೈತ್ರಿ?"

"ಒಂದು. ಮಿರ್ಚಿ ರೊಕ್ಕ ಬ್ಯಾರೆ."

"ಹಂಗಾದ್ರ ತಿಂಗಳಿಗೊಂದು ಪ್ಲೇಟ್ ತಿನ್ರಿ. ಮಿರ್ಚಿ ಬ್ಯಾಡ."

ವೀರನ ಮುಖ ಅರಳಿತು. ಕಳೆದುಹೋದ ರಾಜ್ಯದ ಒಂದು ಪ್ಲೇಟಾದರೂ ಮರಳಿ ಕೈಸೇರಿತಲ್ಲ.

"ಅಲ್ಲೇ ನಿಂತು ತಿನ್ನಬ್ಯಾಡ್ರಿ ಮತ್ತ," ಎಂದಳು ಮಡದಿ. "ಪಾರ್ಸಲ್ ತರ್ರಿ. ಅರ್ಧಾ ನನಗ."

ಪಾರ್ಸಲ್ ತಂದ ಗಿರ್ಮಿಟ್ ಮನೆ ಮುಟ್ಟುವಷ್ಟರಲ್ಲಿ ಮೆತ್ತಗಾಗಿರುತ್ತದೆ.