ಆರು ಇರುವ ಸೆಟ್ಟು

ನಮ್ಮ ತುಡಿಯಲೂರಿನ ಬೀದಿಯಲ್ಲಿ ಇಂಗ್ಲಿಷ್ ಬಲ್ಲವನೆಂದರೆ ನಾನೇ. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಇಪ್ಪತ್ತು ವರ್ಷ ಪೆಟ್ಟಿಗೆಗಳ ಮೇಲೆ ಇಂಗ್ಲಿಷ್ ಚೀಟಿ ಅಂಟಿಸಿದ್ದೇನೆ. ಅಂಟಿಸುವವನಿಗೆ ಅರ್ಥ ಗೊತ್ತಿರುವುದಿಲ್ಲವೇ?

ಮಗಳು ನಿರ್ಮಲಾಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ನಾನು ಹೂವು ಹಣ್ಣು ತರಲು ಆರ್.ಎಸ್. ಪುರಂ ಪೇಟೆಗೆ ಹೋಗಿದ್ದೆ. ಹೆಂಡತಿ ಸರೋಜಳ ಫೋನು ಬಂತು.

"ಏನುಂಗೊ, ಅವ್ರು ನಾಲ್ಕು ಗಂಟೆಗೆ ಬತ್ತಾರೆ. ಬರೋವಾಗ ಹಂಗೇ ಒಂದು ಸೆಟ್ಟು ತಂದ್ಬುಡಿ. ಮರೆತ್ರೆ ಮಾನ ಓಯ್ತದೆ!"

"ಓಕೆ" ಎಂದು ಗತ್ತಿನಿಂದ ಫೋನಿಟ್ಟೆ. ಆಮೇಲೆ ಅನುಮಾನ ಹತ್ತಿತು. ಯಾವ ಸೆಟ್ಟು? ಕಂಪನಿಯಲ್ಲಿ ಸೆಟ್ಟು ಎಂದರೆ ಚಿಕ್ಕದು, ಮಧ್ಯಮ, ದೊಡ್ಡದು, ಅತಿ ದೊಡ್ಡದು, ತಲಾ ಒಂದು ಬನಿಯನ್. ಹೆಣ್ಣು ನೋಡಲು ಬಂದವರ ಕೈಗೆ ಬನಿಯನ್ ಕೊಡುವುದೇ? ಸೆಟ್ ದೋಸೆಯೇ? ಬಳೆ ಸೆಟ್ಟೇ? ಮೊಸರು ಸೆಟ್ ಆಗಿಲ್ಲವೆಂದು ಬೆಳಿಗ್ಗೆ ಗೊಣಗಿದ್ದಳು. ಆದರೆ ಆ ಸೆಟ್ಟನ್ನು ಯಾವ ಅಂಗಡಿಯಲ್ಲಿ ಮಾರುತ್ತಾರೆ? ಮಾನ ಬಿಟ್ಟು ಮತ್ತೆ ಫೋನು ಮಾಡಿದೆ.

"ಸರೋಜಾ, ಯಾವ ಸೆಟ್ಟು?"

"ಆರು ಇರೋ ಸೆಟ್ಟು! ಮನೇಲಿ ವಿಶೇಷ ಅಂದ್ರೆ ಬೇರೆ ಯಾವ ಸೆಟ್ಟು ತರ್ತಾರೆ? ಬಾಣಲಿ ಕಾಯ್ತಾ ಅದೆ, ಫೋನು ಮಡಗಿ!"

ತಕ್ಷಣ ಹೊಳೆಯಿತು. ನಮ್ಮ ಕಡೆ ಮಗುವಿನ ಕಿವಿ ಚುಚ್ಚುವ ಶಾಸ್ತ್ರವಾದರೂ ಮನೆಗೆ ಮೊದಲು ಬರುವುದು ಮೈಕ್ ಸೆಟ್ಟು! ಬರುವ ಮೂರು ಜನರಿಗೆ ಆರು ಲೌಡ್‌ಸ್ಪೀಕರ್ ಹಾರನ್ನು ಸ್ವಲ್ಪ ಹೆಚ್ಚಾಯಿತೇನೋ. ಇರಲಿ, ಹೆತ್ತ ತಾಯಿಯ ಆಸೆ.

ಮೈಕ್ ಸೆಟ್ಟಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಆರು ಹಾರನ್ನಾ? ಎಲೆಕ್ಷನ್ ಮೀಟಿಂಗಾಂಗಣ್ಣಾ?"

"ಅಲ್ಲ, ಹೆಣ್ಣು ನೋಡೋಕೆ ಬತ್ತಾರೆ."

ಅವನು ವೈರಿನ ಸುರುಳಿಯನ್ನು ಹೆಗಲಿಗೇರಿಸಿದ. "ಸರೀಂಗಣ್ಣಾ!" ಎಂದ.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಮಹಡಿಯ ಮೇಲೆ ಆರು ಹಾರನ್ನುಗಳು ಬೀದಿಗೆ ಬಾಯಿ ತೆರೆದು ಕುಳಿತಿದ್ದವು. ನಡುಮನೆಯಲ್ಲಿ ಮೈಕು ನಿಲ್ಲಿಸಿ, ಸ್ವಿಚ್ಚು ಹಾಕಿ ಮೈಕಿನವನು ಮೇಲೆ ಹೋದ. ಸರೋಜ ಅಡುಗೆಮನೆಯಿಂದ ಬಂದಳು.

"ಏನಿದು?"

"ನೀ ಕೇಳಿದ ಸೆಟ್ಟು. ಎಣಿಸಿಕೋ, ಆರು!"

"ಅಯ್ಯೋ ದೇವ್ರೇ! ನಾ ಕೇಳಿದ್ದು ಕಪ್ಪು ಸಾಸರ್ ಸೆಟ್ಟು! ಮನೇಲಿರೋ ಕಪ್ಪಿಗೆಲ್ಲಾ ಹಿಡಿ ಮುರಿದವೆ!"

ಆಗ ಬಾಯಿ ಮುಚ್ಚಿಕೊಳ್ಳಬೇಕಿತ್ತು. ಆದರೆ ಇಂಗ್ಲಿಷ್ ಪಂಡಿತನ ಮರ್ಯಾದೆಯ ಪ್ರಶ್ನೆ!

"ಹಂಗಾದ್ರೆ ಕಪ್ಪು ಅನ್ಬೇಕಿತ್ತು. ಬುಡು, ಆ ಹುಡುಗನ ಅಪ್ಪ ಬಾಯಿ ತೆಗೆದ್ರೆ ಮುಚ್ಚೋದೇ ಇಲ್ವಂತೆ. ಅವನಿಗೆ ಟೀ ಕುಡಿಯೋಕೆ ಎಲ್ಲಿ ಪುರುಸೊತ್ತು?"

"...ಪುರುಸೊತ್ತು... ಸೊತ್ತು... ಸೊತ್ತು" ಎಂದು ಬೀದಿ ಮಾರುತ್ತರ ಕೊಟ್ಟಿತು. ಅದು ನನ್ನದೇ ದನಿ!

ಬಾಗಿಲಲ್ಲಿ ಹುಡುಗನ ಅಪ್ಪ ಒಂದು ಚಪ್ಪಲಿ ಬಿಟ್ಟು, ಇನ್ನೊಂದನ್ನು ಬಿಡುವುದೋ ಬೇಡವೋ ಎಂದು ನಿಂತಿದ್ದರು. ಹಿಂದೆ ಅವರ ಹೆಂಡತಿ, ಮಗ. ಅವರ ಹಿಂದೆ ಇಡೀ ಬೀದಿ. ಕೋಣೆಯ ಬಾಗಿಲಲ್ಲಿ ನಿರ್ಮಲಾಳ ಕಣ್ಣು ತುಂಬಿತ್ತು. ಒಂದು ಸಂಬಂಧ, ನನ್ನ ಬಾಯಿಂದ, ಆರು ಹಾರನ್ನಿನಲ್ಲಿ ಹೋಯಿತು!

ಅವರು ಇನ್ನೊಂದು ಚಪ್ಪಲಿಯನ್ನೂ ಬಿಟ್ಟರು. ನೆಟ್ಟಗೆ ಒಳಗೆ ಬಂದರು. ನನ್ನತ್ತ ಅಲ್ಲ, ಮೈಕಿನತ್ತ! ಅದನ್ನು ಎರಡು ಸಲ ತಟ್ಟಿ "ಹಲೋ" ಎಂದರು.

ಮುಕ್ಕಾಲು ಗಂಟೆ ಮಾತಾಡಿದರು. ತಮ್ಮ ವಂಶ, ಮಗ್ಗ, ಸಕ್ಕರೆ ಕಾಯಿಲೆ, ಯಾವುದನ್ನೂ ಬಿಡಲಿಲ್ಲ. ಅವರ ಹೆಂಡತಿ ಸ್ಟೀಲ್ ಲೋಟದಲ್ಲಿ ಟೀ ಕುಡಿಯುತ್ತಾ ಸರೋಜಳಿಗೆ, "ಮೂವತ್ತು ವರ್ಷದಿಂದ ನಾ ಹೇಳ್ಲಾರದೆ ಇದ್ದದ್ನ ನಿಮ್ಮೋರು ಒಂದೇ ಮಾತಲ್ಲಿ ಹೇಳ್ಬುಟ್ರು ಕಣಮ್ಮ" ಎಂದು ಕೈ ಹಿಡಿದುಕೊಂಡರು. ಹಿತ್ತಲ ಮೆಟ್ಟಿಲ ಮೇಲೆ ನಿರ್ಮಲಾ ಮತ್ತು ಹುಡುಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಕೊನೆಗೆ ಬೀಗರು ಗಂಟಲು ಸರಿಮಾಡಿಕೊಂಡರು. "ಹೆಣ್ಣು ನಮಗೆ ಒಪ್ಪಿಗೆ. ಕೊಡೋದು ತಕ್ಕೊಳ್ಳೋದು ಏನೂ ಬೇಡ. ಒಂದೇ ಒಂದು ಷರತ್ತು."

ಬೀದಿ ಎರಡು ಹೆಜ್ಜೆ ಮುಂದೆ ಬಂತು.

"ಮದುವೆ ಕೆಲಸ ಯಾವುದನ್ನೂ ಹೆಣ್ಣಿನ ಅಪ್ಪನ ಕೈಲಿ ಮಾಡಿಸ್ಬಾರದು!"

ಬೀದಿಯೆಲ್ಲ ಚಪ್ಪಾಳೆ ತಟ್ಟಿತು. ಮೊದಲು ತಟ್ಟಿದವಳು ಸರೋಜ!